ದಿಂಬಂ ಘಟ್ಟದಲ್ಲಿ ಕಾದ ಎಂಜಿನ್ನು

ಚರಿತ್ರೆ ಅಂದ್ರೆ ರಾಜರು, ಕೋಟೆ, ಶಾಸನ ಅಂತಲೇ ನಮಗೆ ಇಸ್ಕೂಲಿನಲ್ಲಿ ಹೇಳಿಕೊಟ್ಟಿದ್ದು. ನಾನು ಓದಿದ್ದು ಏಳನೇ ತರಗತಿ. ಆಮೇಲೆ ಕಲಿತದ್ದೆಲ್ಲ ಹೊಲದಲ್ಲಿ, ಪದ ಹಾಡೋ ಜಾಗದಲ್ಲಿ, ಮತ್ತೆ ದಾರಿಯಲ್ಲಿ. ಆ ದಾರಿಯ ಚರಿತ್ರೆಯನ್ನೇ ಇಲ್ಲಿ ಬರೀತಾ ಇದ್ದೀನಿ. ತಾಳವಾಡಿ ಸೀಮೆಯವರಿಗೆ ದಾರಿ ಅಂದ್ರೆ ದಿಂಬಂ ಘಟ್ಟ. ನನ್ನ ವಯಸ್ಸಿನವರಿಗೆ ದಿಂಬಂ ಘಟ್ಟ ಅಂದ್ರೆ ಬಾನೆಟ್ಟು ಎತ್ತಿ ನಿಂತ ಕಾರು, ಬುಸ್ ಅಂತ ಏಳೋ ಹಬೆ, ಕೈಯಲ್ಲಿ ನೀರಿನ ಡಬ್ಬ ಹಿಡಕೊಂಡು ನಿಂತ ಡ್ರೈವರು.

ಈಗಿನ ಮಕ್ಕಳು ಅದನ್ನು ನೋಡಿಲ್ಲ. ಈಗಿನ ಕಾರು ಬಣ್ಣಾರಿಯಲ್ಲಿ ಏರಕ್ಕೆ ಶುರು ಮಾಡಿದರೆ ದಿಂಬಂ ತಲೆ ಮೇಲೇ ನಿಲ್ಲೋದು. ಹಾಗಾಗಿ ಹಳೇ ಕಾರಿನ ಎಂಜಿನ್ನು ಯಾಕೆ ಕಾಯ್ತಿತ್ತು, ಅದನ್ನು ತಣಿಸೋ ವಿದ್ಯೆ ಎಲ್ಲಿ ಹುಟ್ಟಿತು, ನಮ್ಮ ಕಡೆಯ ಮೇಸ್ತ್ರಿಗಳು ಹ್ಯಾಗೆ ಸರಿ ಮಾಡ್ತಿದ್ದರು ಅನ್ನೋದನ್ನ ತಿಳಿದಷ್ಟು ಬರೆದಿಡ್ತೀನಿ. ಮೇಷ್ಟ್ರುಗಳು ಮಕ್ಕಳಿಗೆ ವಿಜ್ಞಾನದ ಪಾಠದ ಜೊತೆ ಹೇಳಬಹುದು.

ಗಡಿ ಮತ್ತು ಘಟ್ಟ

ಮೊದಲು ಘಟ್ಟ ನಮ್ಮ ಪಾಲಿಗೆ ಯಾಕೆ ಇಷ್ಟು ದೊಡ್ಡದಾಯ್ತು ಅಂತ ಹೇಳಬೇಕು. ನಮ್ಮದು ಕನ್ನಡ ಮಾತಾಡೋ ಸೀಮೆ. ಆದರೆ ಹಿಂದಿನಿಂದ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ರಾಜ್ಯಗಳು ಹಂಚಿಕೆಯಾದಾಗ ಅದೇ ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಹೋಯ್ತು, ತಾಳವಾಡಿ ಮದರಾಸಿನಲ್ಲೇ ಉಳೀತು. ನಮ್ಮ ನೆಂಟರು ಚಾಮರಾಜನಗರದ ಕಡೆ, ನಮ್ಮ ಸಂತೆ, ದೇವರ ಒಕ್ಕಲು ಆ ಕಡೆ. ಅಲ್ಲಿಗೆ ಹೋಗೋ ದಾರಿ ಬಯಲು. ಆದರೆ ನಮ್ಮ ಪಹಣಿ, ಕೋರ್ಟು, ಕಲೆಕ್ಟರ್ ಆಫೀಸು ಎಲ್ಲ ಘಟ್ಟದ ಕೆಳಗೆ. ತಾಲೂಕು ಕಚೇರಿ ಸತ್ಯಮಂಗಲದಲ್ಲಿ, ಜಿಲ್ಲೆಯ ಕಚೇರಿ ಕೊಯಮತ್ತೂರಲ್ಲಿ. 1979ರಲ್ಲಿ ಜಿಲ್ಲೆ ಒಡೆದು ಈರೋಡು ಬೇರೆಯಾಯ್ತು, ಆದರೂ ಅದು ಇದ್ದದ್ದು ಘಟ್ಟದ ಕೆಳಗೇ. ತಾಳವಾಡಿಯೇ ತಾಲೂಕಾಗಿದ್ದು ಈಚೆಗೆ.

ಅಂದ್ರೆ ಒಂದು ಸಹಿಗೂ ಘಟ್ಟ ಇಳೀಬೇಕು, ಇಳಿದ ಮೇಲೆ ಹತ್ತಬೇಕು. ಇಳಿಯೋವಾಗ ಬ್ರೇಕಿನ ಚಿಂತೆ, ಹತ್ತೋವಾಗ ಎಂಜಿನ್ನಿನ ಚಿಂತೆ. ನಕ್ಷೆಯಲ್ಲಿ ಯಾರೋ ಒಂದು ಗೆರೆ ಎಳೆದರು. ಆ ಗೆರೆಯ ಭಾರವನ್ನ ನಮ್ಮ ಸೀಮೆಯಲ್ಲಿ ಹೊತ್ತದ್ದು ರೇಡಿಯೇಟರು. ತಮಾಷೆಗೆ ಹೇಳ್ತಿಲ್ಲ, ಮುಂದೆ ಓದಿದರೆ ಗೊತ್ತಾಗ್ತದೆ.

ನೀರು ಕುಡಿಯೋ ಗಾಡಿ

ಎಂಜಿನ್ನು ಕಾಯೋದು ರೋಗವಲ್ಲ, ಅದರ ಸ್ವಭಾವ. ಒಳಗೆ ಪೆಟ್ರೋಲು ಉರೀತದೆ. ಆ ಉರಿಯಲ್ಲಿ ಹೆಚ್ಚೂಕಮ್ಮಿ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಮಾತ್ರ ಚಕ್ರ ತಿರುಗಿಸೋಕೆ ಸಿಗೋದು. ಇನ್ನೊಂದು ದೊಡ್ಡ ಪಾಲು ಹೊಗೆ ಕೊಳವೆಯಲ್ಲಿ ಹೋಯ್ತದೆ. ಮಿಕ್ಕ ಪಾಲು ಎಂಜಿನ್ನಿನ ಕಬ್ಬಿಣಕ್ಕೆ ಹತ್ತುತದೆ. ಅದನ್ನ ಯಾರಾದರೂ ಹೊತ್ತು ಹೊರಗೆ ಹಾಕಬೇಕು. ಹಾಕದೆ ಹೋದರೆ ಎಣ್ಣೆ ನೀರಾಗಿ, ಪಿಸ್ಟನ್ನು ಹಿಗ್ಗಿ, ಒಳಗೇ ಕಚ್ಕತದೆ. ಹೊರೋ ಕೆಲಸ ನೀರಿನದು.

ಕಾರು ಹುಟ್ಟಿದ ದಿನದಿಂದಲೂ ಇದೇ ಕತೆ. ಜರ್ಮನಿಯ ಕಾರ್ಲ್ ಬೆನ್ಜ್ 1886ರ ಜನವರಿ 29ರಂದು ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಹಕ್ಕುಪತ್ರದ ಅರ್ಜಿ ಹಾಕಿದ. ಅದಕ್ಕೆ ಈಗಿನ ಹಾಗೆ ರೇಡಿಯೇಟರು ಇರಲಿಲ್ಲ. ಎಂಜಿನ್ನಿನ ಸುತ್ತ ನೀರು, ಆ ನೀರು ಕುದ್ದು ಆವಿಯಾಗಿ ಹೋಗೋದು, ಆವಿಯ ಜೊತೆ ಕಾವೂ ಹೋಗೋದು. ನಮ್ಮ ಮನೆಯಲ್ಲಿ ಒಲೆ ಮೇಲಿಟ್ಟ ಪಾತ್ರೆ ನೀರಿರೋ ತನಕ ಸೀಯೋದಿಲ್ಲವಲ್ಲ, ಅದೇ ಲೆಕ್ಕ. ನೀರು ಮುಗಿದರೆ ಪಾತ್ರೆ ಸೀತದೆ.

1888ರ ಆಗಸ್ಟಿನಲ್ಲಿ ಆತನ ಹೆಂಡತಿ ಬರ್ತಾ ಬೆನ್ಜ್ ತನ್ನ ಇಬ್ಬರು ಗಂಡುಮಕ್ಕಳನ್ನ ಕೂರಿಸಿಕೊಂಡು, ಗಂಡನಿಗೆ ಹೇಳದೆ, ಮನ್‌ಹೈಮ್ ಅನ್ನೋ ಊರಿಂದ ತನ್ನ ತವರು ಫೋರ್ಟ್ಸ್‌ಹೈಮಿಗೆ ಅದೇ ಗಾಡಿಯಲ್ಲಿ ಹೊರಟಳು. ಒಂದು ಕಡೆಗೆ 100 ಕಿಲೋಮೀಟರಿಗೂ ಮೇಲೆ. ಮೋಟಾರಿನಲ್ಲಿ ಅಷ್ಟು ದೂರ ಹೋದವರಲ್ಲಿ ಅವಳೇ ಮೊದಲಿಗಳು. ದಾರಿಯುದ್ದಕ್ಕೂ ಸಿಕ್ಕಸಿಕ್ಕಲ್ಲಿ ನೀರು ತಂದು ಎಂಜಿನ್ನಿಗೆ ಹೊಯ್ಯೋದು ಮಕ್ಕಳ ಕೆಲಸವಾಯ್ತು. ಎಣ್ಣೆ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೆಗೆದು ಚುಚ್ಚಿ ಸರಿ ಮಾಡಿದಳು. ಏರಿನಲ್ಲಿ ಗಾಡಿ ಹತ್ತದೆ ನಿಂತಾಗ ಇಳಿದು ತಳ್ಳಿದರು. ಅವಳು ಬಂದು ಹೇಳಿದ ಮೇಲೆ ಬೆನ್ಜ್ ಏರು ಹತ್ತೋಕೆ ಅಂತ ಇನ್ನೊಂದು ಗೇರು ಸೇರಿಸಿದ.

ನಾನು ಇದನ್ನ ಓದಿದಾಗ ನನಗೆ ಜರ್ಮನಿ ಕಾಣಲಿಲ್ಲ, ನಮ್ಮ ಘಟ್ಟವೇ ಕಂಡಿತು. ತವರಿಗೆ ಹೊರಟ ಹೆಂಗಸು, ಏರು, ನೀರು ತರೋ ಮಕ್ಕಳು. ನೂರು ವರ್ಷ ಆದ ಮೇಲೂ ನಮ್ಮಲ್ಲಿ ಅದೇ ನಡೀತಿತ್ತು.

ನೀರನ್ನ ಆವಿ ಮಾಡಿ ಕಳಕೊಳ್ಳೋ ಬದಲು ಅದನ್ನೇ ತಣ್ಣಗೆ ಮಾಡಿ ಮತ್ತೆ ಮತ್ತೆ ಬಳಸೋ ದಾರಿ ಆಮೇಲೆ ಬಂತು. ವಿಲ್ಹೆಲ್ಮ್ ಮೇಬ್ಯಾಕ್ ಅನ್ನೋ ಎಂಜಿನಿಯರು 1900ರಲ್ಲಿ ಮರ್ಸಿಡಿಸ್ 35 ಕುದುರೆ ಶಕ್ತಿಯ ಕಾರಿಗೆ ಜೇನುಗೂಡಿನಂಥ ರೇಡಿಯೇಟರು ಮಾಡಿದ. 6 ಮಿಲಿಮೀಟರು ಅಗಲದ 8,070 ಸಣ್ಣ ಕೊಳವೆಗಳನ್ನ ಬೆಸೆದು ಒಂದು ಚೌಕ ಮಾಡಿದ್ದ. ಕೊಳವೆ ಒಳಗೆ ಗಾಳಿ, ಕೊಳವೆ ಸಂದಿಯಲ್ಲಿ ನೀರು, ಹಿಂದೆ ಗಾಳಿ ಎಳೆಯೋ ಫ್ಯಾನು. ಮೊದಲು ಬೇಕಾಗಿದ್ದ ನೀರಿನಲ್ಲಿ ಅರ್ಧ ಸಾಕಾಯ್ತು. ನೀರು ಹೆಚ್ಚು ಹೊಯ್ಯೋದಲ್ಲ, ಇರೋ ನೀರಿಗೆ ಗಾಳಿ ಹೆಚ್ಚು ತಾಗಿಸೋದು ಅನ್ನೋದೇ ಆತ ಕಂಡುಕೊಂಡ ಗುಟ್ಟು. ಬಿಸಿ ಗಂಜಿಯನ್ನ ಲೋಟದಲ್ಲಿ ಇಟ್ಟರೆ ಆರೋದಿಲ್ಲ, ಅಗಲದ ತಟ್ಟೆಗೆ ಹೊಯ್ದರೆ ಆರ್ತದೆ. ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ.

1908ರಲ್ಲಿ ಅಮೆರಿಕದಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ, ಮೊದಮೊದಲ ಕೆಲವನ್ನ ಬಿಟ್ಟರೆ, ನೀರು ನೂಕೋ ಪಂಪೇ ಇರಲಿಲ್ಲ. ಬಿಸಿ ನೀರು ಹಗುರ, ಮೇಲೇಳ್ತದೆ. ತಣ್ಣೀರು ಭಾರ, ಕೆಳಗಿಳೀತದೆ. ಆ ಗುಣದಿಂದಲೇ ನೀರು ತಾನಾಗಿ ಸುತ್ತುತಿತ್ತು. ಬಯಲಿನಲ್ಲಿ ಅದು ನಡೀತಿತ್ತು, ಏರಿನಲ್ಲಿ ಭಾರ ಎಳೆಯೋವಾಗ ಸಾಲದೆ ಬೇಗ ಕುದೀತಿತ್ತು. ಹಾಗಾಗಿ ಮುಂದಿನ ಕಾರುಗಳಿಗೆ ಪಂಪು ಬಂತು, ಕಾವು ಕಾಯೋ ಥರ್ಮೋಸ್ಟಾಟು ಬಂತು, ಒತ್ತಡ ಹಿಡಿಯೋ ಮುಚ್ಚಳ ಬಂತು.

ಅಂಬಾಸಿಡರು ಬಂದ ಮೇಲೆ

ನಮ್ಮ ಸೀಮೆಯಲ್ಲಿ ಕಾರು ಅಂದ್ರೆ ಅಂಬಾಸಿಡರು. ಅಲ್ಲೊಂದು ಇಲ್ಲೊಂದು ಫಿಯೆಟ್ಟು, ಎಸ್ಟೇಟಿನವರ ಜೀಪು. ಅಂಬಾಸಿಡರನ್ನ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್‌ನವರು 1950ರ ದಶಕದ ಕೊನೆಯಲ್ಲಿ ಮಾಡೋಕೆ ಶುರು ಮಾಡಿದರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರೇ ಅದರ ಮೂಲ. ಬಹುಕಾಲ ಓಡಿದ ಪೆಟ್ರೋಲ್ ಎಂಜಿನ್ನು 1489 ಸಿಸಿ, ನಾಲ್ಕು ಸಿಲಿಂಡರು. 2014ರ ಮೇ ತಿಂಗಳಲ್ಲಿ ಕಾರ್ಖಾನೆ ನಿಂತಿತು.

ಇಂಗ್ಲೆಂಡು ಚಳಿ ದೇಶ. ಅಲ್ಲಿಗೆ ಅಂತ ಮಾಡಿದ ಎಂಜಿನ್ನನ್ನ ಏಪ್ರಿಲ್ ತಿಂಗಳ ಬಣ್ಣಾರಿ ಬಿಸಿಲಲ್ಲಿ, ಒಳಗೆ ಒಂಬತ್ತು ಜನ, ಮೇಲೆ ಗಂಟುಮೂಟೆ, ಡಿಕ್ಕಿಯಲ್ಲಿ ಅಕ್ಕಿಮೂಟೆ ಹಾಕಿ ಓಡಿಸಿದರೆ ಅದು ಏನು ಮಾಡೀತು? ನಮ್ಮ ಪದದ ಮೇಳ ಹೋಗೋವಾಗ ತಂಬೂರಿ, ತಾಳ, ಗಗ್ಗರ, ಅದರ ಜೊತೆಗೆ ನಾವು ಏಳೆಂಟು ಜನ ಒಂದೇ ಕಾರಿನಲ್ಲಿ. ಡ್ರೈವರಣ್ಣ ಬಣ್ಣಾರಿ ಅಮ್ಮನ ಮುಂದೆ ಕಾಯಿ ಒಡೆದು, ಪಕ್ಕದಲ್ಲೇ ಎರಡು ಡಬ್ಬ ನೀರು ತುಂಬಿಸಿಕೊಂಡೇ ಹೊರಡೋನು. "ಅಮ್ಮ ಕಾಯ್ತಳ ಬುದ್ದಿ, ಆದ್ರ ನೀರ ನಾವೇ ಹೊತ್ಕಬೇಕು" ಅನ್ನೋನು.

ಘಟ್ಟದಲ್ಲೇ ಯಾಕೆ ಕಾಯ್ತದೆ

ಇದಕ್ಕೆ ನಾಲ್ಕು ಕಾರಣ. ಒಂದು, ಏರಿನಲ್ಲಿ ಎಂಜಿನ್ನು ಹೆಚ್ಚು ಪೆಟ್ರೋಲು ಉರಿಸ್ತದೆ, ಹೆಚ್ಚು ಕಾವು ಹುಟ್ಟುತದೆ. ಎರಡು, ಕಾರಿನ ಓಟ ಕಡಿಮೆ, ಮುಂದಿನಿಂದ ಬಂದು ರೇಡಿಯೇಟರಿಗೆ ಬಡಿಯೋ ಗಾಳಿ ಇಲ್ಲ. ಆಗ ಫ್ಯಾನೇ ಗತಿ. ಹಳೇ ಕಾರಿನಲ್ಲಿ ಫ್ಯಾನು ತಿರುಗೋದು ಎಂಜಿನ್ನಿನ ಬೆಲ್ಟಿನಿಂದ. ಎಂಜಿನ್ನು ನಿಧಾನ ತಿರುಗಿದರೆ ಫ್ಯಾನೂ ನಿಧಾನ, ಪಂಪೂ ನಿಧಾನ. ಅದಕ್ಕೇ ತಿಳಿದ ಡ್ರೈವರು ಮೂರನೇ ಗೇರಿನಲ್ಲಿ ಗೋಳಾಡಿಸದೆ ಮೊದಲೇ ಎರಡನೇ ಗೇರಿಗೆ ಇಳಿಸೋನು. ತಿಳಿಯದವನು ಪೆಟ್ರೋಲು ಉಳಿಸ್ತೀನಿ ಅಂತ ದೊಡ್ಡ ಗೇರಿನಲ್ಲೇ ಎಳೆಸಿ ಹತ್ತನೇ ತಿರುವಿನಲ್ಲಿ ಹಬೆ ಎಬ್ಬಿಸೋನು.

ಮೂರು, ಎತ್ತರ. ಸಮುದ್ರದ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದೀತದೆ. ಸುಮಾರು 300 ಮೀಟರು ಮೇಲೆ ಹೋದಂಗೆಲ್ಲ ಒಂದೊಂದು ಡಿಗ್ರಿ ಕಡಿಮೆಗೇ ಕುದೀತದೆ. ಸಾವಿರ ಮೀಟರು ಎತ್ತರಕ್ಕೆ ಹೋದರೆ 97ರ ಹತ್ತಿರಕ್ಕೇ ಕುದಿ ಬಂತು. ಇದನ್ನ ತಡೆಯೋಕೇ ರೇಡಿಯೇಟರಿನ ಮುಚ್ಚಳ ಇರೋದು. ಅದರೊಳಗೆ ಸ್ಪ್ರಿಂಗು, ರಬ್ಬರು. ಅದು ಒಳಗಿನ ಒತ್ತಡ ಹಿಡಿದಿಟ್ಟರೆ ನೀರು 100 ದಾಟಿದರೂ ಕುದಿಯೋದಿಲ್ಲ. 7 ಪೌಂಡು ಒತ್ತಡದ ಮುಚ್ಚಳ ಇದ್ದರೆ ಹತ್ತು ಡಿಗ್ರಿಗೂ ಮೇಲೆ ಅನುಕೂಲ. ಮನೆಯ ಕುಕ್ಕರು ಇದೇ ರೀತಿ. ರಬ್ಬರು ಸವೆದ ಮುಚ್ಚಳ ಇಟ್ಟುಕೊಂಡು "ನನ್ ಗಾಡಿ ಕಾಯ್ತದ" ಅಂದ್ರೆ ಗಾಡಿದೇನು ತಪ್ಪು?

ನಾಲ್ಕು, ಘಟ್ಟ ಇರೋ ಸಣ್ಣ ಕಾಯಿಲೆಯನ್ನ ದೊಡ್ಡದು ಮಾಡಿ ತೋರಿಸ್ತದೆ. ಬಯಲಲ್ಲಿ ಕಾಣದ ಸೋರಿಕೆ, ಸಡಿಲ ಬೆಲ್ಟು, ಅರ್ಧ ಕಟ್ಟಿದ ರೇಡಿಯೇಟರು ಎಲ್ಲ ಅಲ್ಲಿ ಬಯಲಾಗ್ತವೆ. ಕೆಳಗಿನ ದನಿಯಲ್ಲಿ ಯಾರಾದರೂ ಪದ ಹೇಳಿಯಾರು, ದನಿ ಏರಿಸಿದಾಗಲೇ ಗಂಟಲಿನ ದೋಷ ಗೊತ್ತಾಗೋದು.

ಒಂದು ಸಂಜೆ

1980ರ ಆಸುಪಾಸು. ನಮ್ಮ ನೆಂಟರ ಹೆಣ್ಣುಮಗಳಿಗೆ ಕೊಯಮತ್ತೂರಿನಲ್ಲಿ ಹೆರಿಗೆಯಾಗಿ, ಕಷ್ಟದ ಹೆರಿಗೆಯೇ ಆಗಿ, ತಾಯಿ ಮಗುವನ್ನ ಊರಿಗೆ ಕರಕೊಂಡು ಬರ್ತಿದ್ದೋ. ಹನ್ನೆರಡು ದಿನದ ಕೂಸು. ಕಾರು ಬಾಡಿಗೆ ಅಂಬಾಸಿಡರು. ನನ್ನನ್ನ ಗಂಡಾಳು ಇರಲಿ ಅಂತ ಕಳಿಸಿದ್ದರು. ಸತ್ಯಮಂಗಲದಲ್ಲಿ ಔಷಧಿ ತಗೊಳ್ಳೋದು ತಡವಾಗಿ ಬಣ್ಣಾರಿ ಬಿಟ್ಟಾಗ ಐದು ಗಂಟೆ ಮೀರಿತ್ತು. ಆಗೆಲ್ಲ ಆ ಕಾಡಿನಲ್ಲಿ ಕತ್ತಲಾದ ಮೇಲೆ ಆನೆ ದಾರಿಗೇ ಬರ್ತಿದ್ದೋ. ಈಗಲೂ ಬತ್ತವೆ, 2013ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ.

ಮುಕ್ಕಾಲು ಘಟ್ಟ ಏರಿದ್ದೋ. ಡ್ರೈವರಣ್ಣನ ಮುಂದೆ ಒಂದು ಕೆಂಪು ದೀಪ ಹತ್ತಿಕೊಂಡಿತು. ಕಾವಿನ ಮುಳ್ಳು ಇನ್ನೂ ಏರಿರಲಿಲ್ಲ. ಆದರೂ ಆತ ಕೂಡಲೇ ಅಗಲ ಇದ್ದ ಕಡೆ ಗಾಡಿ ನಿಲ್ಲಿಸಿ ಎಂಜಿನ್ನು ಆರಿಸಿದ. ನಾನು ಇಳಿದು ಚಕ್ರದ ಹಿಂದೆ ಕಲ್ಲು ಕೊಟ್ಟೆ. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಬಂತು.

ಹಿಂದೆ ಕೂತಿದ್ದ ಅಜ್ಜಿ, "ಬ್ಯಾಗ ನೀರ್ ಹೊಯ್ಯಪ್ಪ, ಕತ್ಲಾಯ್ತದ, ಹಸಿ ಕೂಸದ" ಅಂದಳು. ಇನ್ನೊಬ್ಬ ನೆಂಟ ಟವಲ್ಲು ಸುತ್ತಿಕೊಂಡು ಮುಚ್ಚಳಕ್ಕೆ ಕೈ ಹಾಕಹೋದ. ಡ್ರೈವರಣ್ಣ ಆತನ ಕೈ ಹಿಡಿದು, "ಮುಟ್ಬ್ಯಾಡ ಕನಣ್ಣ. ಈಗ ತಗುದ್ರ ಮಕ ಬೆಂದೋಯ್ತದ. ತಣ್ಗಾಗ್ಲಿ, ಕುಂತ್ಕ" ಅಂದ. ದನಿ ಏರಿಸಲಿಲ್ಲ.

ಆ ಕೆಂಪು ದೀಪ ಡೈನಮೋದು. ಅಂಬಾಸಿಡರಿನಲ್ಲಿ ಡೈನಮೋ, ಫ್ಯಾನು, ನೀರಿನ ಪಂಪು ಮೂರನ್ನೂ ತಿರುಗಿಸೋದು ಒಂದೇ ಬೆಲ್ಟು. ದೀಪ ಹತ್ತಿತು ಅಂದ್ರೆ ಡೈನಮೋ ನಿಂತಿದೆ. ಏರಿನಲ್ಲಿ ಎಂಜಿನ್ನು ತಿರುಗ್ತಾ ಇರೋವಾಗ ಡೈನಮೋ ನಿಂತಿದೆ ಅಂದ್ರೆ ಬೆಲ್ಟು ಹೋಗಿರಬೇಕು. ಬೆಲ್ಟು ಹೋಯ್ತು ಅಂದ್ರೆ ಪಂಪಿಲ್ಲ, ಫ್ಯಾನಿಲ್ಲ. ಮುಳ್ಳು ಏರೋದನ್ನ ಕಾಯದೆ ಅದಕ್ಕೇ ನಿಲ್ಲಿಸಿದ. ಇನ್ನೆರಡು ತಿರುವು ಎಳೆಸಿದ್ದರೆ ಹೆಡ್ಡು ಸೊಟ್ಟಗಾಗಿ, ಗ್ಯಾಸ್ಕೆಟ್ಟು ಸುಟ್ಟು, ಆ ರಾತ್ರಿ ಅಲ್ಲೇ ಆಗ್ತಿತ್ತು.

ಮುಕ್ಕಾಲು ಗಂಟೆ ಕಾದೋ. ಕೆಳಗಿನ ಹಳ್ಳದಲ್ಲಿ ಬಿದಿರು ಮುರಿಯೋ ಸದ್ದು. ಯಾರೂ ಮಾತಾಡಲಿಲ್ಲ. ಕೂಸು ಅತ್ತರೆ ಅಜ್ಜಿ ಸೆರಗಿನಲ್ಲಿ ಮುಚ್ಚೋಳು. ಡ್ರೈವರಣ್ಣ ಡಿಕ್ಕಿಯಿಂದ ಗೋಣಿ ಸುತ್ತಿಟ್ಟಿದ್ದ ಹಳೇ ಬೆಲ್ಟು ತೆಗೆದ. ಡೈನಮೋ ಬೋಲ್ಟು ಸಡಿಲಿಸಿ, ಅದನ್ನ ಒಳಕ್ಕೆ ನೂಕಿ, ಬೆಲ್ಟು ಏರಿಸಿ, ಒಂದು ಕಬ್ಬಿಣದ ಸಲಾಕೆಯಿಂದ ಡೈನಮೋ ಹೊರಕ್ಕೆ ಮೀಟಿ ಹಿಡಿದು ಬೋಲ್ಟು ಬಿಗಿದ. ನಾನು ಬ್ಯಾಟರಿ ಹಿಡಿದಿದ್ದೆ. ಬೆರಳಿನಿಂದ ಬೆಲ್ಟು ಒತ್ತಿ ನೋಡಿ, ಅರ್ಧ ಅಂಗುಲ ತಗ್ಗಿದರೆ ಸರಿ ಅಂದ. ಮುಚ್ಚಳ ಬರಿಗೈಲಿ ಮುಟ್ಟೋ ಹಾಗಾದ ಮೇಲೆ, ಬಟ್ಟೆ ಹಾಕಿ ಒಂದು ಸುತ್ತು ತಿರುಗಿಸಿ, ಹಬೆ ಬಿಟ್ಟು, ಆಮೇಲೆ ತೆಗೆದ. ಎಂಜಿನ್ನು ಚಾಲೂ ಮಾಡಿ, ಅದು ತಿರುಗ್ತಾ ಇರೋವಾಗ ಸಣ್ಣಗೆ ನೀರು ಹೊಯ್ದ. ಕಾದ ಕಬ್ಬಿಣಕ್ಕೆ ಒಂದೇ ಸಲ ತಣ್ಣೀರು ಸುರಿದರೆ ಬ್ಲಾಕು ಬಿರುಕು ಬಿಡ್ತದೆ, ಕಾದ ಹೆಂಚಿಗೆ ನೀರು ಬಿದ್ದಂಗೆ.

ಎಂಟು ಗಂಟೆಗೆ ಹಾಸನೂರು ಮುಟ್ಟಿದೋ. ಆ ಕೂಸು ಈಗ ಎರಡು ಮಕ್ಕಳ ತಾಯಿ. ಡ್ರೈವರಣ್ಣ ಈಗಿಲ್ಲ.

ಮೇಸ್ತ್ರಿಯ ಕ್ರಮ

ದಾರಿಯಲ್ಲಿ ಮಾಡೋದು ಮನೆ ಮುಟ್ಟೋ ಉಪಾಯ, ದುರಸ್ತಿ ಬೇರೆ. ರೇಡಿಯೇಟರು ಸೋರಿದಾಗ ಅರಿಶಿನದ ಪುಡಿ ಹಾಕೋರು. ಅದು ಸಣ್ಣ ತೂತಿನಲ್ಲಿ ಕೂತು ಕಟ್ಟೋದು ನಿಜ. ಆದರೆ ಅದೇ ಅರಿಶಿನ ಒಳ್ಳೆ ಕೊಳವೆಗಳನ್ನೂ ಕಟ್ಟುತದೆ. ಪೆಟ್ರೋಲು ಪಂಪಿನಲ್ಲೇ ಆವಿಯಾಗಿ ಗಾಡಿ ನಿಂತಾಗ ಪಂಪಿಗೆ ಒದ್ದೆ ಬಟ್ಟೆ ಸುತ್ತೋರು. ಅದೂ ನಡೀತದೆ, ಆದರೆ ಕಾವಿನ ಮೂಲ ಹೋಗೋದಿಲ್ಲ. ನಮ್ಮ ಕಡೆಯ ಹಳೇ ಮೇಸ್ತ್ರಿಯೊಬ್ಬರು ಮೂಲ ಹುಡುಕೋದಕ್ಕೆ ಒಂದು ಕ್ರಮ ಇಟ್ಟುಕೊಂಡಿದ್ದರು. ಸಸ್ತಾದ್ದು ಮೊದಲು, ದುಬಾರಿ ಕೊನೆಗೆ. ಎಂಜಿನ್ನು ತಣ್ಣಗಿರೋವಾಗ ಶುರು.

ಮೊದಲು ನೀರಿನ ಮಟ್ಟ. ಕಡಿಮೆ ಇದ್ದರೆ ಎಲ್ಲಿ ಹೋಯ್ತು ಅಂತ ನೋಡಬೇಕು: ಹೋಸು ಪೈಪಿನ ಕ್ಲಿಪ್ಪು, ಪಂಪಿನ ಕೆಳಗಿನ ಸಣ್ಣ ತೂತು, ರೇಡಿಯೇಟರಿನ ಬೆಸುಗೆ. ಸೋರಿದ ಕಡೆ ಬಿಳೀ ಇಲ್ಲಾ ತುಕ್ಕಿನ ಗೆರೆ ಇರ್ತದೆ.

ಆಮೇಲೆ ಬೆಲ್ಟು ಮತ್ತು ಮುಚ್ಚಳ. ಬೆಲ್ಟು ಹೊಳೀತಾ ಇದ್ದರೆ ಜಾರ್ತಾ ಇದೆ ಅಂತ ಅರ್ಥ.

ಆಮೇಲೆ ರೇಡಿಯೇಟರಿನ ಹೊರಮೈ. ರಾಗಿ ಕೊಯ್ಲಿನ ಕಾಲದಲ್ಲಿ ಹೊಟ್ಟು, ಮಳೆಗಾಲದಲ್ಲಿ ಹುಳ, ಕೂತು ಗಾಳಿ ನಿಲ್ಲಿಸ್ತವೆ. ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೀಬೇಕು, ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಗೆ ಹೋಗ್ತದೆ.

ಆಮೇಲೆ ಒಳಗು. ಎಂಜಿನ್ನು ಕಾಯಿಸಿ ಆರಿಸಿ, ಫ್ಯಾನು ಪೂರ್ತಿ ನಿಂತ ಮೇಲೆ, ರೇಡಿಯೇಟರಿನ ಮೈಮೇಲೆ ಅಂಗೈ ಹತ್ತಿರ ಆಡಿಸಬೇಕು. ಮೇಲಿನ ತೊಟ್ಟಿಯಿಂದ ಕೆಳಗಿನ ತೊಟ್ಟಿಗೆ ಕಾವು ಸಮನಾಗಿ ಇಳಿದಿರಬೇಕು. ನಡುವೆ ಎಲ್ಲಾದರೂ ತಣ್ಣಗಿದ್ದರೆ ಅಲ್ಲಿ ಕೊಳವೆ ಕಟ್ಟಿದೆ. ನಮ್ಮ ಸೀಮೆಯಲ್ಲಿ ಇದೇ ದೊಡ್ಡ ಕಾಯಿಲೆ, ಯಾಕಂದ್ರೆ ಬೋರ್ ನೀರು. ಸ್ನಾನದ ಹಂಡೆಯೊಳಗೆ ಬೆಳ್ಳಗೆ ಕಲ್ಲಿನಂಗೆ ಕಟ್ಟುತದಲ್ಲ, ಅದೇ ಸುಣ್ಣ ಎಂಜಿನ್ನೊಳಗೂ ಕಟ್ಟುತದೆ. ಕೆಳಗಿನ ಪೈಪಿಂದ ಮೇಲಕ್ಕೆ, ಅಂದ್ರೆ ದಿನಾ ಹರಿಯೋ ದಿಕ್ಕಿಗೆ ಉಲ್ಟಾ ನೀರು ಬಿಟ್ಟು ತೊಳೆದರೆ ಅರ್ಧ ಕೆಸರು ಬರ್ತದೆ. ಬ್ಲಾಕಿನ ಪಕ್ಕದ ನಲ್ಲಿಯನ್ನೂ ಬಿಚ್ಚಬೇಕು. ಅಲ್ಲಿ ತಂತಿ ಹಾಕಿ ಚುಚ್ಚೋ ತನಕ ಒಂದು ತೊಟ್ಟೂ ಬಾರದ ಎಂಜಿನ್ನುಗಳನ್ನ ನಾನೇ ಕಂಡಿದ್ದೀನಿ. ಮೇಸ್ತ್ರಿ ಮಳೆ ನೀರು ಹಿಡಿದಿಟ್ಟು ಅದನ್ನೇ ಹೊಯ್ಯೋರು.

ಆಮೇಲೆ ಥರ್ಮೋಸ್ಟಾಟು. ಎಂಜಿನ್ನು ಪೂರ್ತಿ ತಣ್ಣಗಿದ್ದರೂ ಚೆನ್ನಾಗಿ ಓಡೋದಿಲ್ಲ. ನಮ್ಮ ತಮಟೆಯನ್ನ ಬೆಂಕಿಗೆ ಹಿಡಿದರೇ ನಾದ ಬರೋದು, ಹೆಚ್ಚು ಹಿಡಿದರೆ ಚರ್ಮ ಹರಿಯೋದು. ಆ ಹದ ಕಾಯೋದೇ ಥರ್ಮೋಸ್ಟಾಟು. ಸುಮಾರು 80 ಡಿಗ್ರಿಗೆ ಬಾಗಿಲು ತೆಗೀತದೆ. ಅದನ್ನ ಬಿಚ್ಚಿ ಒಂದು ಪಾತ್ರೆ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆ ಮೇಲೆ ಕಾಯಿಸಿದರೆ, ಕುದಿ ಬರೋ ಮೊದಲೇ ಬಾಗಿಲು ತೆಗೀಬೇಕು. ತೆಗೀದಿದ್ದರೆ ಬದಲಾಯಿಸಬೇಕು. ಬಹಳ ಜನ ಅದನ್ನ ಕಿತ್ತು ಎಸೀತಿದ್ದರು. ಮೇಸ್ತ್ರಿ ಒಪ್ಪುತಿರಲಿಲ್ಲ. "ಬಾಗ್ಲು ಕೆಟ್ಟೋಯ್ತು ಅಂತ ಮನ ಗ್ವಾಡ ಕೆಡುವ್ತಾರಾ?" ಅನ್ನೋರು.

ಇಷ್ಟೆಲ್ಲ ಸರಿ ಇದ್ದೂ ಕಾದರೆ ನೀರಿನ ದಾರಿ ಬಿಟ್ಟು ಬೆಂಕಿಯ ದಾರಿ ನೋಡಬೇಕು. ಕಿಡಿ ತಡವಾಗಿ ಹೊತ್ತಿದರೆ, ಪೆಟ್ರೋಲಿಗಿಂತ ಗಾಳಿ ಹೆಚ್ಚಾದರೆ ಎಂಜಿನ್ನು ಕಾಯ್ತದೆ. ಬ್ರೇಕು ಹಿಡಕೊಂಡಿದ್ದರೂ ಕಾಯ್ತದೆ, ಡ್ರೈವರಿಗೆ ತಿಳಿಯದೇ ಹೋಗಬಹುದು. ಕೊನೆಯದು ಹೆಡ್ಡಿನ ಗ್ಯಾಸ್ಕೆಟ್ಟು. ತಣ್ಣಗಿರೋ ಎಂಜಿನ್ನಿನ ಮುಚ್ಚಳ ತೆಗೆದು ಚಾಲೂ ಮಾಡಿದಾಗ ನೀರಿನಲ್ಲಿ ಗುಳ್ಳೆ ನಿಲ್ಲದೆ ಬಂದರೆ, ಎಣ್ಣೆ ಹಾಲು ಬೆರೆತ ಕಾಫಿ ಬಣ್ಣಕ್ಕೆ ತಿರುಗಿದರೆ, ಆಗ ಹೆಡ್ಡು ಇಳಿಸಲೇಬೇಕು.

ಈ ಕ್ರಮ ಬಿಟ್ಟು ಮೊದಲೇ ಹೆಡ್ಡು ಇಳಿಸಿ ದುಡ್ಡು ಕೀಳೋರೂ ಇದ್ದರು. ಘಟ್ಟದ ಕೆಳಗೆ ಒಬ್ಬರ ಕಾರಿಗೆ ಎರಡು ಸಲ ಹೆಡ್ಡು ಇಳಿಸಿದ್ದರು. ಕೊನೆಗೆ ನಮ್ಮ ಮೇಸ್ತ್ರಿ ನೋಡಿದಾಗ ಕಂಡದ್ದು ಕೆಳಗಿನ ಹೋಸು ಪೈಪು. ನಿಂತಿದ್ದಾಗ ದುಂಡಗೆ ಚೆನ್ನಾಗಿತ್ತು, ಎಂಜಿನ್ನು ಜೋರಾಗಿ ಓಡಿದಾಗ ಪಂಪಿನ ಎಳೆತಕ್ಕೆ ಒಳಕ್ಕೆ ಚಪ್ಪಟೆಯಾಗಿ ನೀರು ನಿಲ್ಲಿಸ್ತಿತ್ತು. ಹೊಸ ಪೈಪು ಹಾಕಿದ ಮೇಲೆ ಆ ಕಾರು ಬಹಳ ವರ್ಷ ಘಟ್ಟ ಹತ್ತಿತು.

ಈಗ

ಈಗಿನ ಕಾರಿನಲ್ಲಿ ಫ್ಯಾನು ಬೆಲ್ಟಿನದಲ್ಲ, ಕರೆಂಟಿನದು. ಎಂಜಿನ್ನು ನಿಧಾನ ತಿರುಗ್ತಿದ್ದರೂ ಕಾವು ಏರಿದಾಗ ತಾನಾಗಿ ಜೋರು ತಿರುಗ್ತದೆ. ನೀರಿಗೆ ಅರ್ಧಕ್ಕರ್ಧ ಕೂಲಂಟು ಬೆರೆಸ್ತಾರೆ. ಅದು ಕುದಿಯೋ ಮಟ್ಟ ಏರಿಸ್ತದೆ, ತುಕ್ಕು ತಡೀತದೆ. ರೈತರು ಒಂದು ತಿಳ್ಕೊಳ್ಳಿ, ಆ ಕೂಲಂಟು ಸಿಹಿ, ಆದರೆ ವಿಷ. ಚೆಲ್ಲಿದ್ದನ್ನ ನಾಯಿ, ಕರು ನೆಕ್ಕಿದರೆ ಸಾಯ್ತವೆ. ಮಣ್ಣು ಮುಚ್ಚಿ.

ಹಾಗಾಗಿ ಘಟ್ಟದಲ್ಲಿ ಹಬೆ ಏಳೋ ಕಾರು ಈಗ ಅಪರೂಪ. ಅದು ಒಳ್ಳೇದೇ. ಇವತ್ತು ಬಾಣಂತಿಯನ್ನ ಕರಕೊಂಡು ಬರೋರು ಬೆಲ್ಟು ಹೊತ್ತು ತರಬೇಕಿಲ್ಲ. ಹಳೇದೆಲ್ಲ ಚೆಂದ ಅಂತ ನಾನು ಹಾಡೋದಿಲ್ಲ. ಹಳೇದರಲ್ಲಿ ಬಹಳ ಜನ ದಾರಿಯಲ್ಲೇ ನರಳಿದ್ದಾರೆ.

ಆದರೆ ನಮ್ಮ ಸೀಮೆಯಲ್ಲಿ ಇನ್ನೂ ಕೆಲವು ಅಂಬಾಸಿಡರು, ಜೀಪು ಕೊಟ್ಟಿಗೆಯಲ್ಲಿ ನಿಂತವೆ. ಹುಡುಗರು ಆಸೆಪಟ್ಟು ಬಣ್ಣ ಹೊಡೆಸಿ ಮದುವೆಗೆ, ಜಾತ್ರೆಗೆ ತೆಗೀತಾರೆ. ಬಣ್ಣಕ್ಕೆ ಸಾವಿರಾರು ರೂಪಾಯಿ ಹಾಕಿ, ಹೋಸು ಪೈಪು ಮೂವತ್ತು ವರ್ಷದ್ದೇ ಬಿಟ್ಟಿರ್ತಾರೆ. ಅವರಿಗೆ ನಾನು ಹೇಳೋದು ಇಷ್ಟೇ. ಘಟ್ಟಕ್ಕೆ ಇಳಿಸೋ ಮೊದಲು ಹೋಸು, ಬೆಲ್ಟು, ಮುಚ್ಚಳ ಮೂರನ್ನೂ ಹೊಸದು ಹಾಕಿಸಿ. ಹಳೇ ಬೆಲ್ಟು ಎಸೀಬೇಡಿ, ಗೋಣಿ ಸುತ್ತಿ ಡಿಕ್ಕಿಯಲ್ಲಿಡಿ. ಹತ್ತು ಲೀಟರು ಒಳ್ಳೆ ನೀರು ಇರಲಿ. ಕೆಂಪು ದೀಪ ಹತ್ತಿದರೆ ಮುಂದಿನ ತಿರುವಿನ ತನಕ ಅನ್ನದೆ ಅಲ್ಲೇ ನಿಲ್ಲಿಸಿ. ಹಬೆ ಬಂದರೆ ಮುಚ್ಚಳ ಮುಟ್ಟದೆ ಮುಕ್ಕಾಲು ಗಂಟೆ ಕೂತುಕೊಳ್ಳಿ. ಜೊತೆಗಿರೋರು ಎಷ್ಟು ಅವಸರ ಮಾಡಿದರೂ ಕೂತುಕೊಳ್ಳಿ.

ಈ ವಿದ್ಯೆ ಬಲ್ಲ ಮೇಸ್ತ್ರಿಗಳು, ಡ್ರೈವರುಗಳು ನಮ್ಮೂರುಗಳಲ್ಲಿ ಇನ್ನೂ ನಾಲ್ಕಾರು ಜನ ಇದ್ದಾರೆ. ಎಲ್ಲರಿಗೂ ಎಪ್ಪತ್ತು ದಾಟಿದೆ. ಅವರು ಒಂದಕ್ಷರ ಬರೆದಿಟ್ಟಿಲ್ಲ. ಮೇಷ್ಟ್ರುಗಳು ಒಂದು ಭಾನುವಾರ ಮಕ್ಕಳನ್ನ ಕರಕೊಂಡು ಹೋಗಿ ಅವರ ಹತ್ತಿರ ಕೂರಿಸಿ ಕೇಳಿ ಬರೆಸಿದರೆ, ಮುಂದಿನ ವರ್ಷ ಈ ವಾಚನಾಲಯದ ಪುಸ್ತಕಕ್ಕೆ ನನಗಿಂತ ಚೆನ್ನಾಗಿ ಬರೆಯೋರು ಸಿಗ್ತಾರೆ.